ಊರ ವರ್ತಮಾನದ ನೋಟ್‌ಬುಕ್: ನಮ್ಮ ವಾರ್ಡಿಗಾಗಿ ನಾವು ಪ್ರಾರ್ಥಿಸುವ ಕ್ರಮ

2017ರ ಜೂನ್ ತಿಂಗಳ ಒಂದು ಬುಧವಾರ. ಮಂಗಳೂರಿನ ಜೆಪ್ಪುವಿನಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಪ್ರಾರ್ಥನಾ ಕೂಟ. ಹೊರಗೆ ಮಳೆ ಹೊಡೆಯುತ್ತಿತ್ತು. ಕೊನೆಗೆ ನಾನು ಯಾವಾಗಲೂ ಹೇಳುವ ಹಾಗೆ "ಕರ್ತನೇ, ನಮ್ಮ ದೇಶವನ್ನೂ ರಾಜ್ಯವನ್ನೂ ನಮ್ಮನ್ನು ಆಳುವವರನ್ನೂ ಆಶೀರ್ವದಿಸು" ಎಂದು ಹೇಳಿ ಆಮೆನ್ ಅಂದೆ. ಹತ್ತು ಸೆಕೆಂಡಿನ ಕೆಲಸ. ಚಹಾ ಕುಡಿಯುವಾಗ ಡಿಗ್ರಿ ಓದುತ್ತಿದ್ದ ಒಬ್ಬಳು ಹುಡುಗಿ ಕೇಳಿದಳು: "ಅಂಕಲ್, ನಮ್ಮನ್ನು ಆಳುವವರು ಅಂದ್ರೆ ಯಾರು? ನಮ್ಮ ವಾರ್ಡಿನ ಕಾರ್ಪೊರೇಟರ್ ಹೆಸರೆಂತ?"

ಹನ್ನೊಂದು ಜನ ಇದ್ದೆವು. ಹೆಸರು ನನಗೊಬ್ಬನಿಗೆ ಗೊತ್ತಿತ್ತು. ಅದೂ ನನ್ನ ದೊಡ್ಡಸ್ತಿಕೆ ಏನಲ್ಲ. ನಾನು 34 ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವ, ಅವರ ಮನೆಯ ಗೇಟು, ನಾಯಿ, ಟಪಾಲು ತೆಗೆದುಕೊಳ್ಳುವ ಅಜ್ಜಿ, ಎಲ್ಲ ಗೊತ್ತು. ಆದರೆ ಆ ಹೆಸರು ಒಂದು ದಿನವೂ ನನ್ನ ಪ್ರಾರ್ಥನೆಯೊಳಗೆ ಬಂದಿರಲಿಲ್ಲ. ಆ ರಾತ್ರಿ ಮಲಗಿದ ಮೇಲೆ ನೆನಪಾದದ್ದು ಸಾರ್ಟಿಂಗ್ ಮೇಜಿನ ಮೂಲೆಯಲ್ಲಿ ಉಳಿಯುತ್ತಿದ್ದ ಕಾಗದಗಳು. ಹೆಸರು ಮಾತ್ರ, ಮನೆ ನಂಬರ್ ಇಲ್ಲ, ಬೀದಿ ಇಲ್ಲ. ಮೇಲೆ "ವಿಳಾಸ ಅಪೂರ್ಣ" ಎಂದು ಬರೆದು ವಾಪಸ್ ಕಳಿಸುತ್ತಿದ್ದೆವು. ದೇವರಿಗೆ ಪಿನ್‌ಕೋಡ್ ಬೇಡ, ಅದು ನನಗೂ ಗೊತ್ತು. ಆದರೆ ವಿಳಾಸ ತಿಳಿದುಕೊಳ್ಳದವನು ಆ ಮನೆಯ ಕಡೆ ಹೋಗುವವನೂ ಅಲ್ಲ.

ಅಲ್ಲಿಂದ ನಾವು ಬೇರೆ ಥರ ಪ್ರಾರ್ಥಿಸಲಿಕ್ಕೆ ಶುರು ಮಾಡಿದೆವು. ಬೇರೆ ಸಭೆಗಳ ಕೆಲವರು "ನೀವು ಹೇಗೆ ಮಾಡ್ತೀರಿ, ಬರೆದು ಕೊಡಿ" ಎಂದು ಕೇಳಿದ್ದಕ್ಕೆ ಇದು. ನಾನು ಪಾಸ್ಟರ್ ಅಲ್ಲ, ಸಭೆಯ ಒಬ್ಬ ಹಿರಿಯ ಅಷ್ಟೆ. ದೇವಶಾಸ್ತ್ರದಲ್ಲಿ ತಪ್ಪಿದ್ದರೆ ನಿಮ್ಮ ಸಭಾಪಾಲಕರು ತಿದ್ದಲಿ.

ವಚನ ಬೇಕು ಅನ್ನುವವರಿಗೆ ಎರಡು ಸಾಕು. ಒಂದು ಯೆರೆಮೀಯ 29:7. ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಕಾಗದ ಬರೆಯುತ್ತಾನೆ: ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿ, ಅದಕ್ಕಾಗಿ ಪ್ರಾರ್ಥಿಸಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಉಂಟು. ನನಗೆ ಇದು ಇಷ್ಟವಾಗಲು ಇದೊಂದು ಟಪಾಲು ಎನ್ನುವುದೂ ಕಾರಣ. ಇನ್ನೊಂದು 1 ತಿಮೊಥೆಯ 2:1-2. ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸಿ ಎನ್ನುತ್ತದೆ. ಆ ಮಾತು ಬರೆದಾಗ ರೋಮಿನ ಗದ್ದುಗೆಯಲ್ಲಿ ಕ್ರೈಸ್ತ ಅರಸ ಇರಲಿಲ್ಲ. "ನಮ್ಮವರು ಗೆದ್ದರೆ ಪ್ರಾರ್ಥಿಸೋಣ" ಎನ್ನುವವರು ಇದನ್ನು ಇನ್ನೊಮ್ಮೆ ಓದಬೇಕು.

ಬೀಟ್ ಗುರುತು ಮಾಡಿ

ಇಡೀ ಮಂಗಳೂರು ನಿಮ್ಮ ಕೈಯಲ್ಲಿ ಆಗುವುದಿಲ್ಲ. ಪಾಲಿಕೆಯಲ್ಲಿ 60 ವಾರ್ಡ್ ಉಂಟು. ಒಂದು ವಾರ್ಡ್ ಕೂಡ ಜಾಸ್ತಿಯೇ. ಪೋಸ್ಟ್‌ಮ್ಯಾನ್ ಒಂದು ಬೀಟ್ ನಡೆಯುತ್ತಾನಲ್ಲ, ಅಷ್ಟು ಸಾಕು: ಒಂದೂವರೆ ಗಂಟೆಯಲ್ಲಿ ನಡೆದು ಮುಗಿಯುವಷ್ಟು. ನಮ್ಮದು ಮಾರ್ಗನ್ಸ್‌ಗೇಟ್‌ನಿಂದ ಜೆಪ್ಪು ಮಾರ್ಕೆಟ್, ಅಲ್ಲಿಂದ ಬೋಳಾರ, ಮಂಗಳಾದೇವಿ, ವಾಪಸ್ ಮನೆ.

ಮೊದಲ ನಾಲ್ಕು ವಾರ ಸುಮ್ನೆ ನಡೆಯಿರಿ. ಪ್ರಾರ್ಥನೆ ಬೇಡ, ಕಣ್ಣು ತೆರೆದಿರಲಿ. ಬೆಳಗ್ಗೆ ಆರೂಕಾಲಕ್ಕೆ ಹೊರಟರೆ ಪೌರಕಾರ್ಮಿಕರು ಸಿಗುತ್ತಾರೆ, ಹಾಲಿನವ ಸಿಗುತ್ತಾನೆ, ದಕ್ಕೆಯಿಂದ, ಅಂದರೆ ಮೀನಿನ ಬಂದರಿನಿಂದ, ಮೀನಿನ ಬುಟ್ಟಿ ತರುವ ಹೆಂಗಸರು ಸಿಗುತ್ತಾರೆ. ಸಂಜೆ ಆರಕ್ಕೆ ಹೋದರೆ ಬೇರೆಯೇ ಊರು. ಇಬ್ಬರಿಬ್ಬರಾಗಿ ಹೋಗಿ. ಹತ್ತು ಜನ ಒಟ್ಟಿಗೆ ಹೋದರೆ ಅದು ಮೆರವಣಿಗೆ ಆಗುತ್ತದೆ, ಜನ ಕಿಟಕಿಯಿಂದ ಇಣುಕುತ್ತಾರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕೆಲವು ಕಡೆ ಪ್ರಾರ್ಥನಾ ನಡಿಗೆ ಅಂದರೆ ಬೇರೆಯವರ ದೇವಸ್ಥಾನ, ದೈವಸ್ಥಾನ, ಮಸೀದಿ ಎದುರು ನಿಂತು "ಬಂಧಿಸುತ್ತೇವೆ, ಮುರಿಯುತ್ತೇವೆ" ಎಂದು ಹೇಳುವುದು. ದಯವಿಟ್ಟು ಅದನ್ನು ಮಾಡಬೇಡಿ. ನಮ್ಮ ಪಟ್ಟಣಕ್ಕೆ ಹೆಸರು ಬಂದದ್ದೇ ಮಂಗಳಾದೇವಿಯಿಂದ. ಆ ರಥಬೀದಿಯ ಹೂವಿನ ಅಕ್ಕನಿಗೆ ಮಗಳ ಕಾಗದ ಬಂದಾಗ ಓದಿ ಹೇಳಿದವ ನಾನು. ಅವರ ಮನೆ ಎದುರು ನಿಂತು ಶಾಪದ ಹಾಗೆ ಏನಾದರೂ ಗೊಣಗಿದರೆ ಯೆರೆಮೀಯನ ಕಾಗದವನ್ನು ನಾನೇ ಹರಿದ ಹಾಗೆ. ನಾವು ಅಲ್ಲಿ "ಅಕ್ಕ, ಹೇಗಿದ್ದೀರಿ, ಮಂಡಿನೋವು ಕಡಿಮೆ ಆಯ್ತಾ" ಎಂದು ಕೇಳುತ್ತೇವೆ. ಅವರು ಹೇಳಿದ್ದು ನೋಟ್‌ಬುಕ್ಕಿಗೆ ಬರುತ್ತದೆ.

ನೋಟ್‌ಬುಕ್ ಬಗ್ಗೆ. 200 ಪುಟದ ಲಾಂಗ್ ನೋಟ್‌ಬುಕ್ ತಗೊಳ್ಳಿ. ಮೊಬೈಲಿನಲ್ಲಿ ಬರೆಯುವುದು ಸುಲಭ, ಆದರೆ ಮೊಬೈಲ್ ತೆರೆದರೆ ಪ್ರಾರ್ಥನೆ ಒಂದು ಕಡೆ, ವಾಟ್ಸ್‌ಆಪ್ ಒಂದು ಕಡೆ. ಬಲಪುಟದಲ್ಲಿ ಮಾತ್ರ ಬರೆಯಿರಿ. ಎಡಪುಟ ಖಾಲಿ ಇರಲಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬಲಪುಟಕ್ಕೆ ಎರಡೇ ತಲೆಬರಹ: "ಊರ ವರ್ತಮಾನ" ಮತ್ತು "ಸರಕಾರದ ನಿರೂಪ". ಇವು ನನ್ನ ತಲೆಯಿಂದ ಬಂದ ಮಾತುಗಳಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಹರ್ಮನ್ ಮೊಗ್ಲಿಂಗ್ ಇಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದರು. ಅದು ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಛಾಪಿಸಿದ್ದು. ಅದರಲ್ಲಿ ಊರಿನ ಸುದ್ದಿಗೆ ಒಂದು ವಿಭಾಗ, ಸರಕಾರದ ಆದೇಶಗಳಿಗೆ ಒಂದು ವಿಭಾಗ ಇತ್ತು. ಒಬ್ಬ ಮಿಶನರಿ ಬರೀ ಸುವಾರ್ತೆ ಛಾಪಿಸದೆ ಸರಕಾರದ ನಿರೂಪವನ್ನೂ ಜನರ ಭಾಷೆಯಲ್ಲಿ ಯಾಕೆ ಹಾಕಿದ? ನಮ್ಮ ಕೂಟದಲ್ಲಿ ಈ ಪ್ರಶ್ನೆ ಕೇಳಿ ನೋಡಿದೆ. ಒಳ್ಳೆಯ ಚರ್ಚೆ ಆಯಿತು, ಚಹಾ ತಣ್ಣಗಾಯಿತು.

ಹಂಚಿನ ಬೆನ್ನು ಓದುವುದು

ಊರಿನ ಚರಿತ್ರೆ ಗೊತ್ತಿಲ್ಲದೆ ಊರಿಗಾಗಿ ಪ್ರಾರ್ಥಿಸುವುದು, ಕಾಯಿಲೆ ಏನೆಂದು ಕೇಳದೆ ಮಾತ್ರೆ ಕೊಟ್ಟ ಹಾಗೆ. ಆದರೆ ಚರಿತ್ರೆಗೆ ದಪ್ಪ ಪುಸ್ತಕವೇ ಬೇಕು ಅಂತಿಲ್ಲ. ನಮ್ಮ ಮನೆಯ ಮಾಡಿನಿಂದ ಶುರು ಮಾಡಿದೆವು. ಹಳೆಯ ಹಂಚು ಒಂದನ್ನು ಇಳಿಸಿ ಬೆನ್ನು ತಿರುಗಿಸಿದರೆ ಕಾರ್ಖಾನೆಯ ಹೆಸರು, ಮಂಗಳೂರು, ಕೆಲವದರಲ್ಲಿ 1865 ಎಂಬ ಇಸವಿ. ಆ ವರ್ಷ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ ದಡದ ಆವೆಮಣ್ಣು, ಪಕ್ಕದಲ್ಲೇ ಬಂದರು. ನನ್ನ ಅಜ್ಜ ಅಲ್ಲಿ ಮಣ್ಣು ತುಳಿಯುವ ಕೆಲಸಕ್ಕೆ ಸೇರಿದವರು. ಅವರ ಕಾಲಕ್ಕೆ ಮೊದಲ ಮಹಾಯುದ್ಧ ಮುಗಿದು ಜರ್ಮನ್ ಮಿಶನರಿಗಳು ಹೋಗಿ, ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದಿತ್ತು.

ಮಿಶನ್ ಯಾಕೆ ಕಾರ್ಖಾನೆ ಕಟ್ಟಿತು? ಈ ಪ್ರಶ್ನೆಯಲ್ಲೇ ಪ್ರಾರ್ಥನೆಗೆ ದಾರಿ ಉಂಟು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಇಲ್ಲಿಗೆ ಬಂದರು. ಕ್ರೈಸ್ತರಾದವರಲ್ಲಿ ತುಂಬಾ ಜನ ಬಿಲ್ಲವರು. ಕ್ರೈಸ್ತರಾದ ಮೇಲೆ ಕಳ್ಳು ಇಳಿಸುವ ಕಸುಬು ಬಿಡಬೇಕು, ಮನೆಯವರು ಹೊರಗೆ ಹಾಕುತ್ತಾರೆ, ಒಕ್ಕಲು ಹೋಗುತ್ತದೆ. ಹೊಟ್ಟೆಗೆ ಏನು? ಅದಕ್ಕೆ ಬಲ್ಮಠದ ನೇಯ್ಗೆ, ಅಚ್ಚುಕೂಟ, ಜೆಪ್ಪುವಿನ ಹಂಚು. ನಾವು ಈ ಕತೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಕೂಟದಲ್ಲಿ ಓದಿದ ದಿನ ಒಬ್ಬರು ಹಿರಿಯ ಅಕ್ಕ ಹೇಳಿದರು, "ಹೊರಗೆ ಹಾಕಿದವರ ಮನೆಯಲ್ಲೂ ಒಬ್ಬಳು ತಾಯಿ ಇದ್ದಳಲ್ವಾ? ಮಗ ಹೋದ ಅಂತ ಅವಳೂ ಅತ್ತಿರಬೇಕು." ಅಷ್ಟು ವರ್ಷ ಯಾರೂ ಅದನ್ನು ಯೋಚಿಸಿರಲಿಲ್ಲ. ಆ ಬುಧವಾರ ನಾವು ಆ ತಾಯಿಯ ಮನೆತನದವರಿಗಾಗಿ ಪ್ರಾರ್ಥಿಸಿದೆವು. ಅವರಲ್ಲಿ ಕೆಲವರು ನಮ್ಮ ಬೀದಿಯಲ್ಲೇ ಇದ್ದಾರೆ.

ಹೀಗೆ ತಿಂಗಳಿಗೆ ಒಂದು ಸಂಗತಿ ಸಾಕು. ಯಾರಾದರೂ ಒಬ್ಬರು ಮೂರು ನಿಮಿಷದಲ್ಲಿ ಹೇಳಬೇಕು. ಮೂರು ಅಂದರೆ ಮೂರು, ನಮ್ಮಲ್ಲಿ ಒಬ್ಬರು ಟಿಪ್ಪು ಕಾಲದಿಂದ ಶುರು ಮಾಡಿ ಊಟದ ಹೊತ್ತಿಗೂ ನಿಲ್ಲಿಸಲಿಲ್ಲ. ಕೇಳಿದ ಮೇಲೆ ನಾವು ಕೇಳಿಕೊಳ್ಳುವುದು: ಇದರಲ್ಲಿ ಯಾರಿಗೆ ಕೃತಜ್ಞತೆ ಹೇಳಬೇಕು, ಇವತ್ತಿಗೂ ಯಾರಿಗೆ ನೋವು ಉಳಿದಿದೆ.

ಕೃತಜ್ಞತೆಗೆ ಒಂದು ಉದಾಹರಣೆ. ನಮ್ಮ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿ ದಲಿತ ಮಕ್ಕಳಿಗೆ ಶಾಲೆ ತೆರೆದವರು, ಅದಕ್ಕಾಗಿ ಸ್ವಂತ ಜಾತಿಯವರಿಂದ ಬಹಿಷ್ಕಾರ ಅನುಭವಿಸಿದವರು. ಅವರು ಕ್ರೈಸ್ತರಲ್ಲ, ಬ್ರಹ್ಮಸಮಾಜದವರು. ಅವರಿಗಾಗಿ ದೇವರಿಗೆ ಸ್ತೋತ್ರ ಹೇಳಬಹುದೇ ಎಂದು ಒಬ್ಬರು ಕೇಳಿದರು. ಯಾಕೆ ಹೇಳಬಾರದು ಮಾರಾಯ್ರೆ? ಒಳ್ಳೆಯದೆಲ್ಲ ಎಲ್ಲಿಂದ ಬರುತ್ತದೆ ಎಂದು ಯಾಕೋಬನ ಪತ್ರದಲ್ಲಿ ಓದಿದವರೇ ನಾವು. ಅದೇ ದಿನ ನಮ್ಮ ಸಭೆಗಳೊಳಗೂ ಜಾತಿ ಹೇಗೆ ಬೆಂಚಿನ ಮೇಲೆ ಕುಳಿತಿತ್ತು, ಮದುವೆ ಮಾತುಕತೆಯಲ್ಲಿ ಇವತ್ತಿಗೂ ಹೇಗೆ ಇಣುಕುತ್ತದೆ ಎಂದೂ ಒಪ್ಪಿಕೊಂಡೆವು. ಸ್ತೋತ್ರಕ್ಕಿಂತ ಆ ಒಪ್ಪಿಕೊಳ್ಳುವಿಕೆ ಉದ್ದ ಆಯಿತು.

ನೋವಿನ ವಿಷಯ ಕಷ್ಟದ್ದು. 1784ರಲ್ಲಿ ಈ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಟಿಪ್ಪುವಿನ ಆಜ್ಞೆಯಂತೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ದಾರಿಯಲ್ಲೂ ಸೆರೆಯಲ್ಲೂ ತುಂಬಾ ಜನ ಸತ್ತರು. 1799ರ ನಂತರ ಉಳಿದವರು ಮರಳಿ ಬಂದರು. ಯಾಕಾಯಿತು, ಎಷ್ಟು ಜನ ಎಂಬ ವಾದ ಇನ್ನೂ ನಿಂತಿಲ್ಲ. ನಮ್ಮ ಕೂಟಕ್ಕೆ ಬರುವ ಕೆಥೊಲಿಕ್ ಬಾಯಿ (ಹೆಂಗಸು) ಒಬ್ಬರ ಮನೆಯಲ್ಲಿ ಆ ಕತೆ ಇವತ್ತಿಗೂ ಊಟದ ಮೇಜಿಗೆ ಬರುತ್ತದೆ. ಇನ್ನೊಂದು ನಮ್ಮ ಕಾಲದ್ದು: 2008ರ ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯಿತು. ಆ ದಿನ ಫೋನು ಹಿಡಿದು ಎಲ್ಲ ಮನೆಯವರೂ ತಮ್ಮವರನ್ನು ಹುಡುಕಿದ್ದು ನನಗೆ ನೆನಪುಂಟು.

ಇಂಥ ದಿನಗಳನ್ನು ಪ್ರಾರ್ಥನೆಗೆ ತರುವಾಗ ನಮ್ಮದು ಎರಡು ಕಟ್ಟಳೆ. ಇವತ್ತಿನ ನೆರೆಮನೆಯವರನ್ನು ಅಂದಿನ ತಪ್ಪಿಗೆ ಹೊಣೆ ಮಾಡುವ ಒಂದು ಶಬ್ದವೂ ಬಾಯಿಂದ ಬರಬಾರದು. ಹಾಗೆಯೇ ನೋವಾಗಿದ್ದನ್ನು ಆಗಲೇ ಇಲ್ಲ ಎನ್ನುವ ಹಾಗೆ ತೇಲಿಸಲೂಬಾರದು. ನೆಹೆಮೀಯ 1ನೇ ಅಧ್ಯಾಯ, ದಾನಿಯೇಲ 9ನೇ ಅಧ್ಯಾಯ ಓದಿ ನೋಡಿ. ಇಬ್ಬರೂ "ನಾವು ಪಾಪ ಮಾಡಿದೆವು" ಎನ್ನುತ್ತಾರೆ. "ಅವರು" ಎಂದು ಶುರು ಮಾಡುವುದಿಲ್ಲ. ಬೇರೆಯವರ ಪಾಪವನ್ನು ನಾವು ಅರಿಕೆ ಮಾಡುವುದು ಪ್ರಾರ್ಥನೆ ಅಲ್ಲ, ಚಾಡಿ.

ಎಲ್ಲಿ ಹುಡುಕಬೇಕು? ಹಳೆಯ ಶಾಲೆಯ ಗೋಡೆಯ ಕಲ್ಲು. ಸ್ಮಶಾನದ ಕಲ್ಲುಗಳು, ಕಾಲರಾ, ಪ್ಲೇಗ್ ಕಾಲದ ಚಿಕ್ಕ ಮಕ್ಕಳ ಸಮಾಧಿ ನೋಡಿದರೆ ಆರೋಗ್ಯ ಇಲಾಖೆಗಾಗಿ ಪ್ರಾರ್ಥಿಸಲು ಯಾರೂ ಹೇಳಿಕೊಡಬೇಕಾಗಿಲ್ಲ. ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಹಳೆಯ ದಾಖಲೆಗಳ ಸಂಗ್ರಹ ಉಂಟು. ಎಲ್ಲಕ್ಕಿಂತ ಮುಖ್ಯ, ಎಂಬತ್ತು ದಾಟಿದವರು. ಅವರ ಹತ್ತಿರ ಈ ವಾರವೇ ಹೋಗಿ.

ಸರ್ಕಾರ ಅಂದರೆ ಯಾರು

ನನ್ನ ಬೀಟ್‌ನಲ್ಲಿ ಸಂಧ್ಯಾ ಸುರಕ್ಷಾ, ವಿಧವಾ ವೇತನದ ಮನಿ ಆರ್ಡರ್ ತುಂಬಾ ಇರುತ್ತಿತ್ತು. ಎರಡು ತಿಂಗಳು ತಡವಾದರೆ ಅಜ್ಜಿಯಂದಿರು ಗೇಟಿನ ಹತ್ತಿರವೇ ಕಾಯುತ್ತಿದ್ದರು. ಅವರ ಪಾಲಿಗೆ ಸರ್ಕಾರ ಅಂದರೆ ಮುಖ್ಯಮಂತ್ರಿ ಅಲ್ಲ. ಖಜಾನೆಯಲ್ಲಿ ಕಾಗದಕ್ಕೆ ಸಹಿ ಹಾಕುವ ಒಬ್ಬ ಗುಮಾಸ್ತ, ಮತ್ತೆ ಚೀಲ ಹೊತ್ತ ನಾನು. ಆದ್ದರಿಂದ "ಸರಕಾರದ ನಿರೂಪ" ಪುಟವನ್ನು ಕೆಳಗಿನಿಂದ ಮೇಲಕ್ಕೆ ತುಂಬಿಸಿ. ಬೀದಿ ಗುಡಿಸುವವರು, ನೀರಿನ ವಾಲ್ವ್ ತಿರುಗಿಸುವವರು, ಮೆಸ್ಕಾಂ ಲೈನ್‌ಮ್ಯಾನ್, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಠಾಣೆಯ ಕಾನ್‌ಸ್ಟೆಬಲ್. ಆಮೇಲೆ ಕಾರ್ಪೊರೇಟರ್, ಪಾಲಿಕೆಯ ಆಯುಕ್ತರು, ಡಿಸಿ, ಶಾಸಕರು, ಸಂಸದರು. ಪಾಲಿಕೆಗೆ ಚುನಾಯಿತ ಸದಸ್ಯರೇ ಇಲ್ಲದ ಕಾಲವೂ ಇರುತ್ತದೆ. ಆಗ ಆಡಳಿತಾಧಿಕಾರಿಯ ಹೆಸರು ಬರೆಯಿರಿ, ಚುನಾವಣೆ ಬೇಗ ಆಗಲಿ ಎಂದೂ ಬರೆಯಿರಿ.

ಹಳ್ಳಿಯಲ್ಲಿ ಇರುವವರಿಗೆ ಇದು ಇನ್ನೂ ಸುಲಭ. ಪಂಚಾಯತ್ ಸದಸ್ಯರು ಸುಮಾರು 400 ಜನರಿಗೆ ಒಬ್ಬರು, ಅಂದರೆ ಅವರ ಮನೆಯ ನಾಯಿಯ ಹೆಸರೂ ನಿಮಗೆ ಗೊತ್ತಿರುತ್ತದೆ. ಪಿಡಿಒ, ಅಂದರೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಯ ಹೆಸರು ಬರೆದುಕೊಳ್ಳಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು ಎಂಬುದು ಕಾನೂನು. ಹಿಂದಿನ ರಾತ್ರಿ ಪ್ರಾರ್ಥಿಸಿ, ಬೆಳಗ್ಗೆ ಹೋಗಿ ಕುಳಿತುಕೊಳ್ಳಿ. ಗ್ರಾಮಸಭೆಗೆ ಹೋಗದೆ ಗ್ರಾಮಕ್ಕಾಗಿ ಪ್ರಾರ್ಥಿಸುವವರ ಮೇಲೆ ನನಗೆ ಸ್ವಲ್ಪ ಸಂಶಯ.

ಪೊಲೀಸರಿಗಾಗಿ ಪ್ರಾರ್ಥಿಸುವಾಗ ನಮಗೊಂದು ಸ್ಥಳೀಯ ನೆನಪು ಉಂಟು. ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬವರು ಖಾಕಿ ಬಣ್ಣ ಮಾಡಿದರು ಎಂದು ನಮ್ಮಲ್ಲಿ ಹೇಳುತ್ತಾರೆ. ಅದಕ್ಕಿಂತ ಮೊದಲೇ ವಾಯವ್ಯದ ಗಡಿಯ ಸೈನಿಕರು ಖಾಕಿ ಹಾಕುತ್ತಿದ್ದರು ಎನ್ನುವವರೂ ಇದ್ದಾರೆ. ಯಾರು ಮೊದಲು ಎನ್ನುವ ಜಗಳ ಬೇಡ. ಪೋಸ್ಟ್‌ಮ್ಯಾನ್ ಆಗಿ ಖಾಕಿ ಹಾಕಿದವ ನಾನು. ಮಳೆಗೆ ನೆನೆದರೆ ಅದು ಎಷ್ಟು ಭಾರ ಎಂದು ಗೊತ್ತು. ಟ್ರಾಫಿಕ್‌ನಲ್ಲಿ ನಿಂತವರಿಗಾಗಿ ಜುಲೈ ತಿಂಗಳಲ್ಲಿ ಪ್ರಾರ್ಥಿಸುವಾಗ ಅದೇ ನೆನಪಾಗುತ್ತದೆ.

ಕ್ಯಾಲೆಂಡರ್ ಹತ್ತಿರ ಇಟ್ಟುಕೊಳ್ಳಿ. ಊರಿಗೆ ಅದರದೇ ಪಂಚಾಂಗ ಉಂಟು. ಏಪ್ರಿಲ್-ಮೇ ಬಂದರೆ ತುಂಬೆ ಅಣೆಕಟ್ಟಿನಲ್ಲಿ ನೀರು ಎಷ್ಟು ಮೀಟರ್ ಉಳಿದಿದೆ ಎಂದು ಪೇಪರಿನಲ್ಲಿ ದಿನಾ ಬರುತ್ತದೆ, ನಾವು ಕುಡಿಯುವುದು ಆ ನೇತ್ರಾವತಿ ನೀರೇ. ಮೇ 22 ಬಂದರೆ 2010ರ ವಿಮಾನ ದುರಂತ. 158 ಜನ ಹೋದರು. ಗುರುತು ಸಿಗದವರನ್ನು ತಣ್ಣೀರುಬಾವಿ ಹತ್ತಿರ ಒಟ್ಟಿಗೆ ಮಣ್ಣು ಮಾಡಿದರು, ಯಾರ ಧರ್ಮ ಯಾವುದು ಎಂದು ತಿಳಿಯದೆ. ಮಳೆ ಶುರುವಾಗುವ ಮೊದಲು ಚರಂಡಿ, ರಾಜಕಾಲುವೆ ಹೂಳು ತೆಗೆಯುವ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ದಕ್ಕೆಯಲ್ಲಿ ಮೀನು ಹೊರುವವರಿಗೆ, ಐಸ್ ಪ್ಲಾಂಟಿನವರಿಗೆ ಆ ಎರಡು ತಿಂಗಳು ಹೇಗೆ ದಾಟುತ್ತದೆ? ಪಾಲಿಕೆಯ ಬಜೆಟ್ ಓದುವ ವಾರ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ವಾರ. ಹೀಗೆ ಬರೆದಿಟ್ಟರೆ ಪ್ರಾರ್ಥನೆಗೆ ವಿಷಯ ಹುಡುಕುವ ಕಷ್ಟವೇ ಇಲ್ಲ.

ಬುಧವಾರದ 40 ನಿಮಿಷ

ಒಂದು ಸಂಗೀತ, ಅಂದರೆ ಸಭೆಯ ಭಕ್ತಿಗೀತೆ, ಹಾಡುತ್ತೇವೆ. ಒಂದು ವಚನ. ತಿಂಗಳ ಮೊದಲ ವಾರವಾದರೆ ಚರಿತ್ರೆಯ ಮೂರು ನಿಮಿಷ. ಆಮೇಲೆ ನೋಟ್‌ಬುಕ್ ತೆರೆದು ಊರ ವರ್ತಮಾನದಿಂದ ಮೂರು, ಸರಕಾರದ ನಿರೂಪದಿಂದ ಎರಡು ವಿಷಯ ಓದುತ್ತೇವೆ. ಐದಕ್ಕಿಂತ ಜಾಸ್ತಿ ಬೇಡ. ಒಬ್ಬೊಬ್ಬರು ಒಂದೊಂದು ಎತ್ತಿಕೊಂಡು ನಾಲ್ಕು ವಾಕ್ಯದಲ್ಲಿ ಪ್ರಾರ್ಥಿಸುತ್ತಾರೆ, ಎಲ್ಲರೂ "ಕರ್ತನೇ, ಕೇಳು" ಎನ್ನುತ್ತಾರೆ. ನಡುವೆ ಮೌನ ಬಂದರೆ ಬರಲಿ, ತುಂಬಿಸಬೇಡಿ. ಕೊನೆಗೆ ಕರ್ತನ ಪ್ರಾರ್ಥನೆ. "ನಿನ್ನ ರಾಜ್ಯ ಬರಲಿ" ಎಂಬಲ್ಲಿಗೆ ಬಂದಾಗ ನನ್ನ ಕಣ್ಣ ಮುಂದೆ ಈಗ ಜೆಪ್ಪು ಮಾರ್ಕೆಟ್ ಬರುತ್ತದೆ, ಮೊದಲು ಏನೂ ಬರುತ್ತಿರಲಿಲ್ಲ.

ಪಕ್ಷದ ಹೆಸರು ಎತ್ತುವಂತಿಲ್ಲ. ಚುನಾವಣೆ ಸಮಯದಲ್ಲಂತೂ ಇಲ್ಲವೇ ಇಲ್ಲ. ಇನ್ನೊಂದು ಕಾಯಿಲೆ ಉಂಟು: ದೇವರಿಗೆ ಹೇಳುವ ನೆವದಲ್ಲಿ ಪಕ್ಕದಲ್ಲಿ ಕುಳಿತವರಿಗೆ ಬುದ್ಧಿ ಹೇಳುವುದು. "ಕರ್ತನೇ, ಕಸವನ್ನು ವಿಂಗಡಿಸದೆ ಗೇಟಿನ ಎದುರು ಇಡುವ ಕೆಲವರ ಮನಸ್ಸನ್ನು ಬದಲಾಯಿಸು" ಎಂದು ಒಬ್ಬರು ಪ್ರಾರ್ಥಿಸಿದರು. ಆ ಕೆಲವರು ಎದುರಿನ ಕುರ್ಚಿಯಲ್ಲೇ ಇದ್ದರು. ಆಮೆನ್ ಯಾರೂ ಹೇಳಲಿಲ್ಲ.

ಬಾಯಿಗೆ ಮಾತು ಬರದವರಿಗಾಗಿ ನಾವು ಬರೆದಿಟ್ಟ ಒಂದು ಪ್ರಾರ್ಥನೆ ಉಂಟು. "ಇಂಥವರಿಗೆ" ಎಂದಿರುವಲ್ಲಿ ಹೆಸರು ಹಾಕಿ ಓದಿಕೊಳ್ಳಿ:

"ಪರಲೋಕದಲ್ಲಿರುವ ತಂದೆಯೇ, ಈ ಬೀದಿಗಳನ್ನು ನಮಗಿಂತ ಮೊದಲೇ ನೀನು ಬಲ್ಲೆ. ಇಲ್ಲಿ ದುಡಿದು ಸತ್ತವರ ಬೆವರಿಗಾಗಿ ನಿನಗೆ ಸ್ತೋತ್ರ. ನಾವೂ ನಮ್ಮ ಹಿರಿಯರೂ ನೆರೆಯವರಿಗೆ ಮಾಡಿದ ಅನ್ಯಾಯವನ್ನು ಕ್ಷಮಿಸು. ನಮ್ಮ ವಾರ್ಡಿನ ಕೆಲಸ ಹೊತ್ತ ಇಂಥವರಿಗೆ ನ್ಯಾಯವಾದ ಮನಸ್ಸು ಕೊಡು, ಲಂಚದ ಕೈಯಿಂದ ತಪ್ಪಿಸು, ರಾತ್ರಿ ನಿದ್ದೆ ಕೊಡು. ನೀರು ಬಾರದ ಮನೆಗೆ ನೀರು ಬರಲಿ. ನಮಗೆ ಕಾಣದವರನ್ನು ನಮಗೆ ತೋರಿಸು. ನಾವೇ ಮಾಡಬೇಕಾದ ಕೆಲಸವನ್ನು ನಿನ್ನ ಮೇಲೆ ಹಾಕಿ ಎದ್ದು ಹೋಗದ ಹಾಗೆ ನಮ್ಮನ್ನು ಹಿಡಿ. ಯೇಸುಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ, ಆಮೆನ್."

ಕೊನೆಯ ಆ ವಾಕ್ಯದ ಹಿಂದೆ ಒಂದು ಕತೆ ಉಂಟು.

ಎಡಪುಟ

ನಮ್ಮ ಬೀಟ್‌ನಲ್ಲಿ ಒಂದು ಕಡೆ ಚರಂಡಿಯ ಚಪ್ಪಡಿ ಮುರಿದು ಬಿದ್ದಿತ್ತು. ರಾತ್ರಿ ಒಬ್ಬರು ಅಜ್ಜಿ ಕಾಲು ಜಾರಿ ಬಿದ್ದು ಕೈ ಮುರಿಯಿತು. ನಾವು ಮೂರು ಬುಧವಾರ ಪ್ರಾರ್ಥಿಸಿದೆವು. ನಾಲ್ಕನೆಯ ವಾರ ಕೆಥೊಲಿಕ್ ಬಾಯಿ ನನ್ನನ್ನೇ ನೋಡಿ ಕೇಳಿದರು: "ಅರ್ಜಿ ಕೊಟ್ಟಿದ್ದೀರಾ?" ಯಾರೂ ಕೊಟ್ಟಿರಲಿಲ್ಲ! ಪ್ರತಿಯೊಬ್ಬರೂ ಬೇರೆಯವರು ಕೊಟ್ಟಿದ್ದಾರೆ ಎಂದುಕೊಂಡಿದ್ದರು.

ಅರ್ಜಿ ಬರೆಯುವ ಕ್ರಮ ಹೇಳಿಬಿಡುತ್ತೇನೆ, ಇದೂ ಪ್ರಾರ್ಥನೆಯದೇ ಭಾಗ. ಒಂದೇ ಪುಟ, ಒಂದೇ ವಿಷಯ. ಜಾಗ ಸರಿಯಾಗಿ ಬರೆಯಿರಿ: ಯಾವ ಮನೆಯ ಎದುರು, ಯಾವ ಕಂಬದ ಹತ್ತಿರ. ಫೋಟೊ ಅಂಟಿಸಿ. ಎರಡು ಪ್ರತಿ ತಗೊಂಡು ಹೋಗಿ, ಒಂದರ ಮೇಲೆ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ. ಸೀಲಿಲ್ಲದ ಪ್ರತಿ ಚೀಟಿ ಹಾಕಿ ಕಟ್ಟಿದ ತಾಯಿತಕ್ಕಿಂತ ಹೆಚ್ಚೇನಲ್ಲ. ಸಭೆಯ ಲೆಟರ್‌ಹೆಡ್ ಬಳಸಬೇಡಿ, ಬೀದಿಯವರಾಗಿ ಬರೆಯಿರಿ. ಬೇರೆ ಮನೆಯವರ ಸಹಿಯೂ ಇರಲಿ. ನಮ್ಮ ಅರ್ಜಿಗೆ ಹೂವಿನ ಅಕ್ಕನ ಸಹಿ ಉಂಟು, ಗೂಡಂಗಡಿ ಬ್ಯಾರಿಯವರ ಸಹಿ ಉಂಟು.

ಮೊದಲ ಸಲ ಹೋದಾಗ "ಇದು ನಮ್ಮ ಸೆಕ್ಷನ್ ಅಲ್ಲ" ಅಂದರು. ಎರಡನೇ ಸಲ ಸಂಬಂಧಪಟ್ಟವರು ರಜೆ. ಮೂರನೇ ಸಲ ಕಾಗದ ಕಾಣಿಸಲಿಲ್ಲ. ಸೀಲಿನ ಪ್ರತಿ ತೋರಿಸಿದೆ, ಸಿಕ್ಕಿತು. ಎರಡೂವರೆ ತಿಂಗಳಾದ ಮೇಲೆ ಚಪ್ಪಡಿ ಬಂತು. ಅದನ್ನು ಎಡಪುಟದಲ್ಲಿ ತಾರೀಕು ಹಾಕಿ ಬರೆದೆವು, ಎಡಪುಟ ಇರುವುದೇ ಅದಕ್ಕೆ. ಮುಂದಿನ ಮಳೆಗೆ ಆ ಚಪ್ಪಡಿ ಮತ್ತೆ ಮುರಿಯಿತು. ಅದನ್ನೂ ಅದರ ಕೆಳಗೇ ಬರೆದೆವು. ಎಡಪುಟದಲ್ಲಿ ಬರೀ ಗೆದ್ದದ್ದನ್ನು ಬರೆಯುವವರು ಸಾಕ್ಷಿ ಹೇಳುವಾಗ ಚೆಂದ ಹೇಳುತ್ತಾರೆ, ಆದರೆ ಎರಡನೇ ವರ್ಷಕ್ಕೆ ಕೂಟ ನಿಲ್ಲುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದ ಎಡಪುಟಗಳೇ ಜಾಸ್ತಿ. ವರ್ಷದ ಕೊನೆಯ ಬುಧವಾರ ಖಾಲಿ ಪುಟಗಳನ್ನು ಮಾತ್ರ ಒಂದೊಂದಾಗಿ ಓದುತ್ತೇವೆ.

ನಾಲ್ಕನೇ ಸಲ ಆ ಕಚೇರಿಗೆ ಹೋದಾಗ ಕೌಂಟರಿನ ಹೆಂಗಸು ಕೇಳಿದರು, "ನೀವೆಂತ, ಪ್ರತಿ ಸಲ ಆ ನೋಟ್‌ಬುಕ್ ಹಿಡ್ಕೊಂಡು ಬರ್ತೀರಿ?" ನಾನು ಹೇಳಿದೆ. ನಿಮ್ಮ ಸೆಕ್ಷನ್ ಹೆಸರೂ ಇದರಲ್ಲಿ ಉಂಟು ಎಂದೂ ಹೇಳಿದೆ. ಅವರು ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಸೋಮವಾರ ವೆನ್ಲಾಕ್ ಆಸ್ಪತ್ರೆಯಲ್ಲಿ ನನ್ನ ಅಮ್ಮನಿಗೆ ಆಪರೇಷನ್. ಅದನ್ನೂ ಬರ್ಕೊಳ್ಳಿ" ಅಂದರು. ಅಲ್ಲೇ ನಿಂತು ಬರೆದುಕೊಂಡೆ. ಮನೆಗೆ ಬಂದ ಮೇಲೆ ಹೆಂಡತಿ ನೋಡಿ, "ಇದನ್ನು ಸರಕಾರದ ನಿರೂಪದ ಕೆಳಗೆ ಬರೆದಿದ್ದೀರಲ್ಲ, ಊರ ವರ್ತಮಾನಕ್ಕೆ ಬರಬೇಕಿತ್ತಲ್ವಾ?" ಎಂದಳು. ಅಳಿಸಲಿಕ್ಕೆ ಹೋದೆ, ಪೆನ್ನಿನಲ್ಲಿ ಬರೆದಿದ್ದೆ. ಅಲ್ಲೇ ಉಂಟು.